ಕ್ಷಮಿಸು ಅನ್ನೋಕೆ ಇಷ್ಟು ಅವಸರ ಯಾಕೆ?

ಮಾನ್ಯ ಸಂಪಾದಕರೇ,

ಪ್ರೀತೀಲಿ ಮೋಸ ಹೋದೋರಿಗೆ ಅಂತ ನಿಮ್ಮ ಪುರವಣೀಲಿ ಬಂದಿದ್ದ ಲೇಖನ ಓದಿದೆ. ದೇವರ ಮೇಲೆ ಭಾರ ಹಾಕಿ, ಕ್ಷಮಿಸಿಬಿಡಿ, ಎಲ್ಲಾ ಸರಿಹೋಗುತ್ತೆ ಅಂತ ಮುಗಿಸಿಬಿಟ್ಟಿದಾರೆ. ಬರೆದೋರ ಮನಸ್ಸು ಒಳ್ಳೇದೇ ಇರಬಹುದು, ಆದ್ರೆ ಅನುಭವಿಸಿದೋರ ಕಿವಿಗೆ ಅದು ಸುಮ್ಮನೆ ಬಾಯಿ ಮುಚ್ಕೊಂಡಿರು ಅಂದಹಾಗೇ ಇರುತ್ತೆ.

ಮದುವೆ ಆಗ್ತೀನಿ ಅಂದಿದ್ದ ಹುಡುಗ ಇನ್ನೊಬ್ಬಳ ಜೊತೆನೂ ಅದೇ ಮಾತು, ನನಗಿಟ್ಟಿದ್ದ ಅದೇ ಮುದ್ದಿನ ಹೆಸರು ಇಟ್ಕೊಂಡು ಚಾಟ್ ಮಾಡ್ತಿದ್ದ ಅಂತ ಗೊತ್ತಾದಾಗ ನಂಗೆ ಮೊದಲು ಹೋಗಿದ್ದು ನನ್ನ ಮೇಲಿನ ನಂಬಿಕೆ, ದಿನಾ ನೋಡ್ತಿದ್ದೆನಲ್ಲ ನಂಗ್ಯಾಕೆ ಗೊತ್ತಾಗ್ಲಿಲ್ಲ ಅಂತ. ರಾತ್ರಿಯೆಲ್ಲ ಹಳೇ ಮೆಸೇಜ್ ತೆಗೆದು ಆಫೀಸಲ್ಲಿದೀನಿ ಅಂದ ದಿನ ನಿಜವಾಗ್ಲೂ ಎಲ್ಲಿದ್ದ ಅಂತ ತಾಳೆ ನೋಡೋದು, ಲಾಸ್ಟ್ ಸೀನ್ ನೋಡೋದು, ಅಳೋದು. ಇನ್ನೂ ಅದನ್ನೇ ನೆನೆಸ್ಕೊಂಡು ಕೂತಿದೀಯಾ ಅಂತ ಮನೇಲಿ ಬೈಗುಳ ಬೇರೆ. ಇದು ಬರೀ ಹಟ ಅಲ್ಲ ಸಾರ್. 2011ರಲ್ಲಿ ಅಮೆರಿಕದ ಮನೋವಿಜ್ಞಾನಿ ಈಥನ್ ಕ್ರಾಸ್ ಮತ್ತವರ ತಂಡ, ಪ್ರೀತಿ ಮುರಿದುಬಿದ್ದೋರಿಗೆ ಹಳೇ ಸಂಗಾತಿ ಫೋಟೊ ತೋರಿಸಿ ಮೆದುಳು ಸ್ಕ್ಯಾನ್ ಮಾಡಿದ್ರು, ತೋಳಿಗೆ ನೋವಾಗೋಷ್ಟು ಬಿಸಿ ಮುಟ್ಟಿಸಿದಾಗ ಚುರುಕಾಗೋ ಕೆಲವು ಭಾಗಗಳೇ ಆಗ್ಲೂ ಚುರುಕಾದ್ವು. ಅದನ್ನ ಓದಿದ ಮೇಲೆ ನಾನು ಫೋಟೊ ಎಲ್ಲಾ ಡಿಲೀಟ್ ಮಾಡಿ ನಂಬರ್ ಬ್ಲಾಕ್ ಮಾಡ್ದೆ. ಕ್ಷಮಿಸಿದ್ರೆ ಬ್ಲಾಕ್ ಯಾಕೆ ಅಂತ ಕೇಳೋರಿದಾರೆ! ಕ್ಷಮಿಸೋದು ಬೇರೆ, ವಾಪಸ್ ಸೇರಿಸ್ಕೊಳ್ಳೋದು ಬೇರೆ.

ಇನ್ನು ದೇವರ ವಿಷಯ. ತುಂಬಾ ದಿನ ನಾನು ದೀಪಾನೂ ಹಚ್ಚಲಿಲ್ಲ, ಆಮೇಲೆ ಒಂದಿನ ಕೂತಾಗ ಬಂದಿದ್ದು ಪ್ರಾರ್ಥನೆ ಅಲ್ಲ, ಜಗಳ. ಎದುರಿಗೇ ಇದ್ದಾನೆ ಅನ್ನೋಹಾಗೆ ಬಾಯಿಗೆ ಬಂದಿದ್ದೆಲ್ಲ ಬೈದೆ, ಯಾಕೆ ಸುಮ್ಮನಿದ್ದೆ ಅಂತ ಕೇಳ್ದೆ. ಬೈಯೋಕಾದ್ರೂ ಅಲ್ಲಿ ಒಬ್ಬ ಇದಾನೆ ಅಂತ ಅನ್ಸಿದ್ದು ಆವಾಗ್ಲೇ, ನನ್ನ ನಂಬಿಕೆ ವಾಪಸ್ ಶುರುವಾಗಿದ್ದು ಹಂಗೆ. ಮನುಷ್ಯರ ಮೇಲಿಂದು ಇನ್ನೂ ನಿಧಾನ. ಎಂಟಕ್ಕೆ ಫೋನ್ ಮಾಡ್ತೀನಿ ಅಂದ ಗೆಳತಿ ಎಂಟಕ್ಕೇ ಮಾಡಿದ್ಲು, ಮಾರನೇ ದಿನಾನೂ ಮಾಡಿದ್ಲು, ಉಪದೇಶ ಗಿಪದೇಶ ಏನೂ ಇಲ್ಲ, ಊಟ ಆಯ್ತಾ ಅಂತ ಕೇಳೋಳು ಅಷ್ಟೇ.

ಲೇಖನದಲ್ಲಿ ಬರಲೇಬೇಕಿದ್ದ ಮಾತೊಂದು ಬಿಟ್ಟೇಹೋಗಿದೆ. ದೈಹಿಕ ಸಂಬಂಧ ಇದ್ದಿದ್ರೆ ಮೊದಲು ಡಾಕ್ಟರ್ ಹತ್ರ ಹೋಗ್ಬೇಕು, ಎಷ್ಟೋ ಲೈಂಗಿಕ ಸೋಂಕಿಗೆ ಲಕ್ಷಣಾನೇ ಇರಲ್ಲ, ಎಚ್‌ಐವಿ ತಗುಲಿದ ತಕ್ಷಣ ಟೆಸ್ಟಲ್ಲಿ ಕಾಣಲ್ಲ, ಕೆಲವು ವಾರ ಬಿಟ್ಟು ಇನ್ನೊಂದ್ಸಲ ಮಾಡಿಸ್ಬೇಕಾಗಬಹುದು. ನಾಚಿಕೆಗೆ ಇದನ್ನ ಯಾರೂ ಬರೆಯಲ್ಲ. ಫೋನು, ಬ್ಯಾಂಕಿನ ಪಾಸ್‌ವರ್ಡ್ ಮೋಸ ಮಾಡಿದೋರಿಗೂ ಗೊತ್ತಿದ್ರೆ ಬದಲಾಯಿಸ್ಬೇಕು. ನಿದ್ದೆ ಊಟ ಬಿಟ್ಟುಹೋಗಿ ಸಾಯೋ ಯೋಚನೆ ಬರ್ತಿದ್ರಂತೂ ಪೂಜೆ ಒಂದೇ ಸಾಲಲ್ಲ, ಅವತ್ತೇ ಯಾರಿಗಾದ್ರೂ ಹೇಳಿ ಕೌನ್ಸೆಲರ್‌ನೋ ಮನೋವೈದ್ಯರನ್ನೋ ಕಾಣ್ಬೇಕು.

ಮುಂದಿನ ಸಲ ಈ ವಿಷಯ ತಗೊಂಡ್ರೆ ದಯವಿಟ್ಟು ಒಬ್ಬ ಕೌನ್ಸೆಲರ್‌ನೂ ಮಾತಾಡಿಸಿ. ಹಾಗೇ ಮೋಸ ಮಾಡಿದೋರು ಏನು ಮಾಡ್ಬೇಕು ಅಂತಾನೂ ಒಂದು ಲೇಖನ ಬರೆಸಿ, ಬುದ್ಧಿವಾದ ಎಲ್ಲಾ ಮೋಸ ಹೋದೋರಿಗೇ ಯಾಕೆ?

ಇಂತಿ,
ನಿಮ್ಮ ಓದುಗಳು
(ಹೆಸರು ಹಾಕಬೇಡಿ ಪ್ಲೀಸ್)