ಟ್ರೇಲ್‌ಗೆ ಆರು ಬೈಕ್ ಸಾಕು

ಮಾನ್ಯರೇ,

ಮಳೆ ಇಳಿದು ಗುಡ್ಡದ ದಾರಿಗಳು ಓಡಾಡುವಂತಾದ ಕೂಡಲೇ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಗೆ ಶನಿವಾರ, ಭಾನುವಾರ ಬೈಕ್‌ಗಳ ದಂಡು ಶುರುವಾಗುತ್ತದೆ. ಡಾಂಬರು ಬಿಟ್ಟು ಮಣ್ಣಿನ ದಾರಿಗೂ ಇಳಿಯಬಲ್ಲ ಎಕ್ಸ್‌ಪಲ್ಸ್, ಹಿಮಾಲಯನ್‌ನಂಥ ಡ್ಯುಯಲ್ ಸ್ಪೋರ್ಟ್ ಬೈಕ್‌ಗಳು ಈಗ ಸಾಮಾನ್ಯ ನೌಕರರ ಕೈಗೂ ಎಟುಕುತ್ತಿವೆ. ಒಳ್ಳೆಯದೇ. ಆದರೆ ಗುಂಪಿನಲ್ಲಿ ಹೇಗೆ ಹೋಗಬೇಕೆಂಬುದನ್ನು ಶೋರೂಮಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಬಿದ್ದು ಕಾಲು ಮುರಿದುಕೊಳ್ಳುವುದು, ದಾರಿ ತಪ್ಪುವುದು, ತೋಟದವರ ಬಳಿ ಬೈಸಿಕೊಳ್ಳುವುದು, ಕೊನೆಗೆ ಊರವರು ‘ಬೈಕ್‌ನವರನ್ನೇ ಬಿಡಬೇಡಿ’ ಎನ್ನುವುದು, ಎಲ್ಲದರ ಹಿಂದೆಯೂ ಬಹುಪಾಲು ಇದೇ ಕೊರತೆಯಿದೆ. ಈ ದಾರಿಗಳ ಪರಿಚಯವಿರುವ ಸವಾರರಾಗಿ ಕೆಲವು ಮಾತು ಬರೆಯುತ್ತಿದ್ದೇವೆ.

ಮೊದಲನೆಯದು ಸಂಖ್ಯೆ. ಒಂದು ಗುಂಪಿಗೆ ಆರು ಬೈಕ್ ಸಾಕು. ಹನ್ನೆರಡು ಮಂದಿ ಸೇರಿದರೆ ಎರಡು ಗುಂಪು ಮಾಡಿ, ಅರ್ಧ ಗಂಟೆ ಅಂತರದಲ್ಲಿ ಹೊರಡಿ. ಹದಿನೈದು ಬೈಕ್ ಒಟ್ಟಿಗೆ ಹೋದಾಗ ಆಗುವುದೇನೆಂದರೆ, ಮುಂದಿನವರು ಏರು ಹತ್ತಿ, ನೀರು ಕುಡಿದು, ಫೋಟೊ ತೆಗೆದುಕೊಂಡು ಆರಾಮಾಗಿ ನಿಂತಿರುತ್ತಾರೆ. ಹಿಂದಿನವನು ಏದುಸಿರು ಬಿಡುತ್ತ ಬಂದು ತಲುಪಿದ ಕೂಡಲೇ ‘ಎಲ್ಲರೂ ಬಂದ್ರಲ್ಲ, ನಡೀರಿ’ ಎಂದು ಹೊರಟುಬಿಡುತ್ತಾರೆ. ಅಂದರೆ ಹೆಚ್ಚು ದಣಿದವನಿಗೆ ವಿಶ್ರಾಂತಿಯೇ ಇಲ್ಲ. ಮಧ್ಯಾಹ್ನದ ಮೇಲೆ ಬೀಳುವವನು ಅವನೇ. ಅಲ್ಲದೆ ಒದ್ದೆ ಮಣ್ಣಿನ ಏರಿನಲ್ಲಿ ಆರೇಳು ಬೈಕ್ ಹೋಗುವಷ್ಟರಲ್ಲಿ ಚಕ್ರದ ಜಾಡು ಕೊರಕಲಾಗಿರುತ್ತದೆ; ಆಮೇಲಿನವರು ಫುಟ್‌ರೆಸ್ಟ್ ಮಣ್ಣಿಗೆ ಸಿಕ್ಕಿಸಿಕೊಂಡು ನಿಲ್ಲುತ್ತಾರೆ.

ದಾರಿ ಗೊತ್ತಿರುವವನು ಮುಂದೆ, ರಿಪೇರಿ ಗೊತ್ತಿರುವವನು ಕಟ್ಟಕಡೆಗೆ. ಹೊಸಬರು ಎರಡನೇ, ಮೂರನೇ ಸ್ಥಾನದಲ್ಲಿ. ಬಹಳ ಗುಂಪುಗಳು ಹೊಸಬನನ್ನು ‘ನಿಧಾನಕ್ಕೆ ಬಾ’ ಎಂದು ಹಿಂದಕ್ಕೆ ಹಾಕುತ್ತವೆ. ಅವನು ಹಿಂದೆ ಬೀಳದಿರಲೆಂದು ತನ್ನ ಅಳವಿಗೆ ಮೀರಿ ಓಡಿಸುತ್ತಾನೆ. ಮುಂದಾಳುವಿನ ಬೆನ್ನಿಗಿದ್ದರೆ ಗುಂಪಿನ ವೇಗವೇ ಅವನ ವೇಗವಾಗುತ್ತದೆ. ಮಧ್ಯದಲ್ಲಿ ಒಬ್ಬರನ್ನೊಬ್ಬರು ಹಿಂದಿಕ್ಕುವುದು ಬೇಡ.

ಇನ್ನು ಕವಲುದಾರಿ. ಕಾಫಿ ತೋಟಗಳ ನಡುವೆ ನೂರು ಮೀಟರಿಗೊಂದು ಕವಲು ಬರುತ್ತದೆ. ಪ್ರತಿ ಕವಲಿನಲ್ಲೂ ನಿಲ್ಲಿ, ನಿಮ್ಮ ಹಿಂದಿನವನು ನಿಮ್ಮನ್ನು ಕಂಡು ಕೈ ಎತ್ತಿದ ಮೇಲೆಯೇ ಮುಂದೆ ಹೋಗಿ. ಇಷ್ಟೊಂದನ್ನು ಆರು ಜನವೂ ಪಾಲಿಸಿದರೆ ಯಾರೂ ಕಳೆದುಹೋಗುವುದಿಲ್ಲ, ಫೋನೂ ಬೇಕಾಗುವುದಿಲ್ಲ. ಕೊನೆಯವನ ಬೈಕ್ ಕೆಟ್ಟು ನಿಂತರೆ ಅವನ ಮುಂದಿನವನು ಕವಲಿನಲ್ಲೇ ಉಳಿಯುತ್ತಾನೆ, ಅವನಿಗಾಗಿ ಅವನ ಮುಂದಿನವನು. ಹೀಗೆ ಸುದ್ದಿ ತಾನಾಗಿಯೇ ತುದಿಗೆ ಮುಟ್ಟುತ್ತದೆ. ಹೆಲ್ಮೆಟ್ಟಿನ ಇಂಟರ್‌ಕಾಮ್ ಇದೆಯೆಂದು ಈ ನಿಯಮ ಬಿಡಬೇಡಿ. ಒಂದು ಗುಡ್ಡ ಅಡ್ಡ ಬಂದರೆ ಅದರ ಮಾತು ಕತ್ತರಿಸುತ್ತದೆ. ಬಿಸಿಲೆ ಘಾಟಿ ಕಡೆ ಮೊಬೈಲ್ ಸಿಗ್ನಲ್ ನಂಬುವ ಹಾಗೂ ಇಲ್ಲ, ಆದ್ದರಿಂದ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಬೇಕು.

ಟೈರಿನ ಗಾಳಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅರ್ಧ ತೊಂದರೆ ಶುರುವಾಗುವುದೇ ಅಲ್ಲಿ. ಹೆದ್ದಾರಿಯ 28, 30 ಪಿಎಸ್‌ಐ ಇಟ್ಟುಕೊಂಡೇ ಮಣ್ಣಿಗಿಳಿದರೆ ಟೈರ್ ಕಲ್ಲಿನ ಮೇಲೆ ಪುಟಿಯುತ್ತದೆ, ಬೇರಿನ ಮೇಲೆ ಜಾರುತ್ತದೆ. ಟ್ಯೂಬ್ ಇರುವ 21 ಇಂಚಿನ ಮುಂದಿನ ಚಕ್ರಕ್ಕೆ 18ರಿಂದ 20, ಹಿಂದಕ್ಕೆ 20ರಿಂದ 22 ಸಾಕು. ಇನ್ನೂ ಇಳಿಸಿದರೆ ಹಿಡಿತ ಹೆಚ್ಚುತ್ತದೆ, ನಿಜ. ಆದರೆ ಚೂಪುಕಲ್ಲಿಗೆ ಬಡಿದಾಗ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬಿಡುತ್ತದೆ. ಟ್ಯೂಬ್ ಬಿಚ್ಚಿದಾಗ ಹಾವು ಕಚ್ಚಿದಂತೆ ಎರಡು ಗುರುತು ಕಂಡರೆ ಮೊಳೆ ಹುಡುಕುತ್ತ ಕೂರಬೇಡಿ, ಗಾಳಿ ಕಡಿಮೆಯಿತ್ತೆಂದೇ ಅರ್ಥ. ಗಾಳಿ ನೋಡುವುದು ಬೆಳಿಗ್ಗೆ, ಟೈರ್ ತಣ್ಣಗಿರುವಾಗ. ಡಾಂಬರಿಗೆ ಮರಳಿದ ಕೂಡಲೇ ಮತ್ತೆ ತುಂಬಿಸಬೇಕು. 18ರಲ್ಲೇ ಹೆದ್ದಾರಿಯಲ್ಲಿ 80ರ ವೇಗಕ್ಕೆ ಹೋದರೆ ಟೈರ್ ಕಾಯುತ್ತದೆ, ತಿರುವಿನಲ್ಲಿ ಬೈಕ್ ಓಲಾಡುತ್ತದೆ. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಗುಂಪಿಗೊಂದು ಇರಲಿ, ಅದು ಕೈಕೊಟ್ಟಾಗ ಬಳಸಲು ಕೈಪಂಪೂ ಒಂದಿರಲಿ.

ಪಂಕ್ಚರ್ ಹಾಕುವಾಗ ಹೊಸ ಟ್ಯೂಬನ್ನೇ ತೂತು ಮಾಡುವವರು ಬಹಳ. ಟೈರಿನ ಅಂಚನ್ನು ಕೊನೆಯ ಅರ್ಧ ಅಡಿಯಷ್ಟು ಒಳಗೆ ಸೇರಿಸುವಾಗ ಲಿವರ್‌ಗೆ ಬಲ ಕೊಡುತ್ತಾರೆ, ಕೆಳಗಿದ್ದ ಟ್ಯೂಬ್ ಕತ್ತರಿಸುತ್ತದೆ. ಬಲ ಬೇಕೆನಿಸಿದರೆ ಏನೋ ತಪ್ಪಿದೆ ಎಂದು ತಿಳಿಯಬೇಕು: ಎದುರು ಬದಿಯ ಅಂಚು ರಿಮ್ಮಿನ ನಡುವಿನ ತಗ್ಗಿಗೆ ಇಳಿದಿಲ್ಲ. ಅದನ್ನು ಮೊಣಕಾಲಲ್ಲಿ ಒತ್ತಿ ಹಿಡಿದರೆ ಈ ಕಡೆ ಸಡಿಲವಾಗುತ್ತದೆ. ಟ್ಯೂಬನ್ನು ಒಳಗಿಡುವ ಮೊದಲು ಆಕಾರ ಬರುವಷ್ಟು ಗಾಳಿ ತುಂಬಿ, ಅಂಚಿಗೆ ಸೋಪಿನ ನೀರು ಹಚ್ಚಿ, ವಾಲ್ವ್ ನೆಟ್ಟಗಿದೆಯೇ ನೋಡಿ. ಮುಳ್ಳಿಗಾಗಿ ಟೈರಿನ ಒಳಗೆ ಬಟ್ಟೆ ಆಡಿಸಿ, ಬೆರಳಾಡಿಸಿದರೆ ಕೊಯ್ದುಕೊಳ್ಳುತ್ತದೆ. 21 ಇಂಚಿನ ಒಂದೇ ಟ್ಯೂಬ್ ಒಯ್ದರೂ ನಡೆಯುತ್ತದೆ: ತುರ್ತಿಗೆ ಹಿಂದಿನ ಚಕ್ರಕ್ಕೂ ಹಾಕಿ ಊರು ಮುಟ್ಟಬಹುದು. ಇದೆಲ್ಲವನ್ನೂ ಮನೆಯಂಗಳದಲ್ಲಿ ಒಮ್ಮೆ ಮಾಡಿ ನೋಡಿರಬೇಕು. ಆಕ್ಸಲ್ ನಟ್ಟಿಗೆ ಹೊಂದುವ ಸ್ಪ್ಯಾನರ್ ಚೀಲದಲ್ಲಿಲ್ಲ ಎಂಬುದು ಕಾಡಿನ ನಡುವೆ ಗೊತ್ತಾಗಬಾರದು.

ಏರು ಹತ್ತುವಾಗ ಒಬ್ಬೊಬ್ಬರೇ. ಮೇಲಿನವನು ಪೂರ್ತಿ ಹತ್ತಿ ಬದಿಗೆ ಸರಿದ ಮೇಲೆ ಮುಂದಿನವನು. ಸಾಮಾನ್ಯವಾಗಿ ಎರಡನೇ ಗೇರು, ಬುಡದಲ್ಲೇ ವೇಗ ಕೂಡಿಸಿಕೊಂಡು, ಮೈ ಮುಂದಕ್ಕೆ ಬಾಗಿಸಿ ಹತ್ತಬೇಕು. ಅರ್ಧದಲ್ಲಿ ನಿಂತುಬಿಟ್ಟರೆ? ಗಾಬರಿಯಲ್ಲಿ ಕ್ಲಚ್ ಹಿಡಿದು ಮುಂದಿನ ಬ್ರೇಕ್ ಒತ್ತುವುದು ಸಹಜ. ಆದರೆ ಏರಿನಲ್ಲಿ ಭಾರವೆಲ್ಲ ಹಿಂದಿನ ಚಕ್ರದ ಮೇಲಿರುತ್ತದೆ, ಮುಂದಿನ ಚಕ್ರ ಲಾಕ್ ಆಗಿಯೂ ಬೈಕ್ ಹಿಂದಕ್ಕೆ ಜಾರುತ್ತದೆ. ಹಾಗಾಗಿ ಕ್ಲಚ್ ಬಿಟ್ಟು ಗೇರಿನಲ್ಲೇ ಎಂಜಿನ್ ಆಫ್ ಆಗಲು ಬಿಡಿ. ಎಂಜಿನ್ನೇ ಹಿಂದಿನ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಬೈಕಿನ ಎಡಕ್ಕೆ ಇಳಿದು, ಕ್ಲಚ್ಚನ್ನೇ ಬ್ರೇಕಿನಂತೆ ಸ್ವಲ್ಪ ಹಿಡಿದು ಬಿಟ್ಟು ಮಾಡುತ್ತ, ಹ್ಯಾಂಡಲ್ ತಿರುಗಿಸಿ ಬೈಕನ್ನು ದಾರಿಗೆ ಅಡ್ಡಲಾಗುವಂತೆ ಹಿಂದಕ್ಕೆ ಬಿಡಿ. ನೀವು ಯಾವಾಗಲೂ ಬೈಕಿಗಿಂತ ಮೇಲಿನ ಬದಿಯಲ್ಲೇ ಇರಬೇಕು. ಅಡ್ಡ ನಿಂತ ಮೇಲೆ ಮುಂದಿನ ಚಕ್ರವನ್ನು ಇಳಿಜಾರಿಗೆ ತಿರುಗಿಸಿ, ಮೊದಲ ಗೇರಿನಲ್ಲಿ ಇಳಿದು ಮತ್ತೆ ಪ್ರಯತ್ನಿಸಿ. ಎಕ್ಸ್‌ಪಲ್ಸ್ ಸುಮಾರು 160 ಕೆ.ಜಿ., ಹಿಮಾಲಯನ್ 200ರ ಹತ್ತಿರ. ಒಬ್ಬನೇ ಎಳೆದಾಡುವ ವಸ್ತುವಲ್ಲ. ಮೂರು ಸಲ ಎತ್ತಿದರೆ ದಿನದ ಕಸುವೆಲ್ಲ ಅಲ್ಲಿಗೇ ಮುಗಿಯುತ್ತದೆ.

ಇಳಿಯುವಾಗ ಮೊದಲ ಗೇರು, ಕ್ಲಚ್ ಮುಟ್ಟದೆ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ಸನ್ನು ಹಿಂದಿನ ಚಕ್ರಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಮಣ್ಣಿನಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಸಡಿಲ ಜಲ್ಲಿಯ ಮೇಲೆ ಬ್ರೇಕ್ ಒತ್ತಿದರೂ ಬೈಕ್ ಓಡುತ್ತಲೇ ಇರುತ್ತದೆ. ಕೀಲಿ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಬಹಳ ಬೈಕ್‌ಗಳಲ್ಲಿ ಎಬಿಎಸ್ ತಾನಾಗಿ ಆನ್ ಆಗಿರುತ್ತದೆ. ಇಳಿಯುವ ಮೊದಲು ಮೀಟರಿನ ದೀಪ ನೋಡಿಕೊಳ್ಳಿ.

ಹಳ್ಳ ದಾಟುವ ಮೊದಲು ನಡೆದು ನೋಡಬೇಕು. ಮೊಣಕಾಲಿಗಿಂತ ಮೇಲೆ ನೀರಿದ್ದರೆ, ಅಥವಾ ನಡೆಯುವಾಗಲೇ ಕಾಲು ಸೆಳೆಯುತ್ತಿದ್ದರೆ, ವಾಪಸು. ನೀರು ಅಗಲವಾಗಿ ಹರಡಿರುವಲ್ಲಿ ಆಳ ಕಡಿಮೆ. ಕಿರಿದಾದ ಜಾಗವೇ ಮೋಸ. ಮೊದಲ ಗೇರಿನಲ್ಲಿ ಒಂದೇ ಸಮನಾದ ಆಕ್ಸಲರೇಟರ್. ವಿಡಿಯೊಕ್ಕಾಗಿ ನೀರು ಚಿಮ್ಮಿಸುವುದು ಏರ್‌ಫಿಲ್ಟರಿಗೆ ನೀರು ಕುಡಿಸುವ ಕೆಲಸ. ಬೈಕ್ ನೀರಿನಲ್ಲಿ ಮಗುಚಿದರೆ ಸೆಲ್ಫ್ ಒತ್ತಲೇಬಾರದು. ಸಿಲಿಂಡರಿನೊಳಗೆ ನೀರಿದ್ದು ಪಿಸ್ಟನ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಆ ಖರ್ಚು ಕೇಳಬೇಡಿ. ದಡಕ್ಕೆ ತಂದು, ಏರ್‌ಫಿಲ್ಟರ್ ಇರುವ ಡಬ್ಬಿ (ಏರ್‌ಬಾಕ್ಸ್) ಬಿಚ್ಚಿ ಒರೆಸಿ, ಸ್ಪಾರ್ಕ್ ಪ್ಲಗ್ ತೆಗೆದು, ಆಮೇಲೆ ಎಂಜಿನ್ ತಿರುಗಿಸಿದರೆ ನೀರು ಪ್ಲಗ್ಗಿನ ತೂತಿನಿಂದ ಹೊರಗೆ ಬರುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಬದಲಿಸದೆ ಸ್ಟಾರ್ಟ್ ಮಾಡಬೇಡಿ.

ಸಾಮಾನು ಎಲ್ಲರೂ ಎಲ್ಲವನ್ನೂ ಹೊರಬೇಕಿಲ್ಲ, ಹಂಚಿಕೊಳ್ಳಿ. ಮೂರು ಟೈರ್ ಲಿವರ್, ಪ್ಯಾಚ್, ಚೈನಿನ ಜಾಯಿಂಟ್ ಲಿಂಕ್, ಕೇಬಲ್ ಟೈ, ಬಿರುಕು ಬಿಟ್ಟ ಎಂಜಿನ್ ಕೇಸಿಂಗಿಗೆ ಎಂ-ಸೀಲ್, ಅರ್ಧ ಲೀಟರ್ ಆಯಿಲ್, ಆರು ಮೀಟರಿನ ಪಟ್ಟಿ. ಕ್ಲಚ್ ಮತ್ತು ಬ್ರೇಕ್ ಲಿವರ್ ಮಾತ್ರ ಪ್ರತಿಯೊಬ್ಬರೂ ತಮ್ಮ ಬೈಕಿನದೇ ಒಯ್ಯಬೇಕು. ಕೆಟ್ಟ ಬೈಕನ್ನು ಎಳೆಯುವಾಗ ಪಟ್ಟಿಯನ್ನು ಹಿಂದಿನ ಬೈಕಿಗೆ ಗಂಟು ಹಾಕಬಾರದು. ಫುಟ್‌ರೆಸ್ಟಿಗೆ ಒಂದು ಸುತ್ತು ಸುತ್ತಿ ತುದಿಯನ್ನು ಕಾಲಲ್ಲಿ ಒತ್ತಿ ಹಿಡಿದರೆ, ತೊಂದರೆಯಾದಾಗ ಕಾಲೆತ್ತಿದರೆ ಸಾಕು, ಬಿಚ್ಚಿಕೊಳ್ಳುತ್ತದೆ.

ಯಾರಾದರೂ ಜೋರಾಗಿ ಬಿದ್ದರೆ ಎತ್ತಿ ಕೂರಿಸುವ ಆತುರ ಬೇಡ. ಉಸಿರಾಡುತ್ತಿದ್ದರೆ ಹೆಲ್ಮೆಟ್ ತೆಗೆಯದೆ ಕುತ್ತಿಗೆ ಅಲುಗದಂತೆ ಹಿಡಿಯಿರಿ. ಇಬ್ಬರು ಸಿಗ್ನಲ್ ಸಿಗುವ ಕಡೆ ಹೋಗಿ 108 ಅಥವಾ 112ಕ್ಕೆ ಕರೆ ಮಾಡಬೇಕು, ಹೇಳಲು ಎಸ್ಟೇಟಿನ ಹೆಸರು ಮತ್ತು ಹತ್ತಿರದ ಬಸ್ ಸ್ಟಾಪ್ ಗೊತ್ತಿರಬೇಕು. ಒಳದಾರಿಗೆ ಆಂಬುಲೆನ್ಸ್ ಬರುವುದಿಲ್ಲ. ಡಾಂಬರಿನವರೆಗೆ ತೋಟದ ಪಿಕಪ್ಪೇ ಗತಿ. ಸಹಾಯ ಮಾಡಿದ ಊರವರು ಪೊಲೀಸ್, ಕೋರ್ಟು ಎಂದು ಹೆದರಬೇಕಿಲ್ಲ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ.

ತೋಟದವರು ಬೇಕಾಗುವುದು ಪಿಕಪ್ಪಿಗೆ ಮಾತ್ರವಲ್ಲ. ಈ ದಾರಿಗಳಲ್ಲಿ ಬಹುಪಾಲು ಅವರವೇ. ಮಾಲೀಕರನ್ನೋ ಲೆಕ್ಕ ನೋಡುವ ತೋಟದ ರೈಟರನ್ನೋ ಹಿಂದಿನ ದಿನವೇ ಕೇಳಿ. ಆನೆ ಯಾವ ಕಡೆ ಇದೆ ಎಂಬುದೂ ಅವರಿಗೇ ಗೊತ್ತಿರುತ್ತದೆ. ಬೆಳಿಗ್ಗೆ ಎಂಟರ ಮೊದಲು, ಸಂಜೆ ನಾಲ್ಕೂವರೆಯ ನಂತರ ಒಳದಾರಿಯಲ್ಲಿ ಇರಲೇಬಾರದು. ಉಣುಗೋಲು (ಬೇಲಿಯ ಕೋಲುಗಳ ಗೇಟು) ತೆಗೆದರೆ ಅಷ್ಟೂ ಕೋಲುಗಳನ್ನು ಕೊನೆಯವನು ಮತ್ತೆ ಸೇರಿಸಬೇಕು. ಒಂದು ಬಿಟ್ಟರೆ ದನ ಗದ್ದೆಗೆ ನುಗ್ಗುತ್ತದೆ. ನವೆಂಬರಿನಿಂದ ಮಾರ್ಚಿನವರೆಗೆ ಕಾಫಿ ಕೊಯ್ಲು. ತಿರುವಿನಲ್ಲಿ ಮೂಟೆ ಹೊತ್ತವರು ಎದುರಾಗುತ್ತಾರೆ, ಎಂಜಿನ್ ಆರಿಸಿ ನಿಂತು ದಾರಿ ಬಿಡಿ. ಗುಡುಗುಡು ಸೈಲೆನ್ಸರ್ ಹಾಕಿಸಿಕೊಂಡವರನ್ನು ಗುಂಪಿಗೇ ಸೇರಿಸಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಪುಷ್ಪಗಿರಿ, ಕುದುರೆಮುಖ ಎರಡಕ್ಕೂ ಇದು ಅನ್ವಯ.

ದಿನನಿತ್ಯದ ಸವಾರಿಗೂ ಇವುಗಳಲ್ಲಿ ಕೆಲವು ಉಪಯೋಗಕ್ಕೆ ಬರುತ್ತವೆ. ಚೈನನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ, ಅದರೊಳಗಿನ ರಬ್ಬರ್ ಒ-ರಿಂಗ್ ಹಾಳಾಗುತ್ತದೆ. ಸೀಮೆಎಣ್ಣೆ ಸಾಕು, ಆಮೇಲೆ 90 ನಂಬರಿನ ಗೇರ್ ಆಯಿಲ್. ಮಳೆಯಲ್ಲಿ ಓಡಿಸಿದ ಪ್ರತಿ ಸಲವೂ, ಇಲ್ಲದಿದ್ದರೆ 500 ಕಿ.ಮೀ.ಗೊಮ್ಮೆ. ಸಡಿಲ ಎಷ್ಟಿರಬೇಕೆಂದು ಕೈಪಿಡಿಯಲ್ಲಿದೆ, ಅದಕ್ಕಿಂತ ಬಿಗಿ ಮಾಡಬೇಡಿ: ಇಬ್ಬರು ಕೂತಾಗ ಸಸ್ಪೆನ್ಷನ್ ಕುಗ್ಗಿ ಚೈನ್ ಇನ್ನೂ ಬಿಗಿಯಾಗಿ ಬೇರಿಂಗ್ ತಿನ್ನುತ್ತದೆ. ಉಬ್ಬು ಗುಬಟಿನ ಟೈರ್ ಮಣ್ಣಿಗೆ ಚೆನ್ನ, ಒದ್ದೆ ಡಾಂಬರಿನಲ್ಲಿ ನಿಲ್ಲಲು ಹೆಚ್ಚು ದೂರ ಬೇಕು. ಮುಂದಿನ ವಾಹನದಿಂದ ನಾಲ್ಕು ಸೆಕೆಂಡಿನ ಅಂತರ ಇಟ್ಟುಕೊಳ್ಳಿ. ಘಟ್ಟದ ಹೇರ್‌ಪಿನ್ ತಿರುವಿನಲ್ಲಿ ಬಸ್ಸಿಗೆ ರಸ್ತೆಯ ಪೂರ್ತಿ ಅಗಲ ಬೇಕಾಗುತ್ತದೆ. ಚಾರ್ಮಾಡಿಯಲ್ಲಿ ಇಳಿಯುತ್ತಿದ್ದರೆ ತಿರುವಿಗೆ ಮೊದಲೇ ನಿಂತು ಹತ್ತುವವರಿಗೆ ದಾರಿ ಬಿಡಬೇಕು, ಕಿರಿದಾದ ಘಟ್ಟದ ರಸ್ತೆಯ ನಿಯಮವೂ ಅದೇ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ಹೊಡೆಯುತ್ತದೆ, ಲೋಬೀಮ್ ಸಾಕು.

ಕೊನೆಯದಾಗಿ ಎರಡು ಕೋರಿಕೆ. ಸವಾರರು ತಮ್ಮ ದಾರಿಯ ಜಿಪಿಎಸ್ ಜಾಡನ್ನು ಇಂಟರ್ನೆಟ್ಟಿಗೆ ಹಾಕುವುದನ್ನು ನಿಲ್ಲಿಸಬೇಕು. ಒಬ್ಬರಿಗೆ ಮಾಲೀಕರು ಕೊಟ್ಟ ಅನುಮತಿ ಆ ಜಾಡು ಹಿಡಿದು ಬರುವ ಇನ್ನೂರು ಮಂದಿಗೆ ಅನ್ವಯಿಸುವುದಿಲ್ಲ. ಗ್ರಾಮ ಪಂಚಾಯಿತಿಗಳೂ ಅರಣ್ಯ ಇಲಾಖೆಯೂ ಡಾಂಬರು ಮುಗಿಯುವ ಕವಲುಗಳಲ್ಲಿ ಯಾವುದು ಸಾರ್ವಜನಿಕ ದಾರಿ, ಯಾವುದು ಖಾಸಗಿ, ಯಾವುದು ಮೀಸಲು ಅರಣ್ಯ ಎಂದು ಕನ್ನಡದಲ್ಲಿ ಸ್ಪಷ್ಟ ಫಲಕ ಹಾಕಲಿ. ಈಗ ಬಹಳ ಕಡೆ ಅಂಥ ಗುರುತೇ ಇಲ್ಲ, ಇರುವಲ್ಲಿ ಕಾಡುಬಳ್ಳಿ ಹಬ್ಬಿ ಅಕ್ಷರ ಕಾಣುವುದಿಲ್ಲ.

– ಮಲೆನಾಡಿನ ಕೆಲವು ಬೈಕ್ ಸವಾರರು, ಹಾಸನ ಜಿಲ್ಲೆ