ಬಸ್ ಇಳಿದವಳಿಗಾಗಿ ಕಾದವರು

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನಾಡಿದ ಮಾತು ನನ್ನನ್ನು ಕಾಡುತ್ತಿದೆ. ಶಿಕ್ಷೆ ಮುಗಿಸಿ ಬಂದರೆ ಲೆಕ್ಕ ಚುಕ್ತಾ, ಆಮೇಲಿನದು ಅವರವರ ಪಾಡು ಎಂದೆಯಲ್ಲ? ಕಾನೂನು ಓದುವವಳು ನೀನು, ಅದಕ್ಕೇ ಸೂಸನ್ ಬರ್ಟನ್ ಅವರ ವಿಷಯ ಬರೆಯುತ್ತಿದ್ದೇನೆ.

ಅಮೆರಿಕದ ಲಾಸ್ ಏಂಜಲೀಸ್‌ನ ಕಪ್ಪು ಸಮುದಾಯದ ಮಹಿಳೆ ಅವರು. 1980ರ ದಶಕದ ಆರಂಭದಲ್ಲಿ ಅವರ ಐದು ವರ್ಷದ ಮಗ ಪೊಲೀಸ್ ಪತ್ತೇದಾರನೊಬ್ಬ ಓಡಿಸುತ್ತಿದ್ದ ವ್ಯಾನಿಗೆ ಸಿಕ್ಕಿ ತೀರಿಕೊಂಡ. ಆ ಸಂಕಟ ಮರೆಯಲು ಕುಡಿತ, ಆಮೇಲೆ ಕ್ರ್ಯಾಕ್ ಕೊಕೇನ್ ಎಂಬ ಮಾದಕವಸ್ತು. ಜೈಲು, ಬಿಡುಗಡೆ, ಮತ್ತೆ ಜೈಲು. ವರ್ಷಗಟ್ಟಲೆ ಹೀಗೇ ನಡೆಯಿತು. ಕೊನೆಗೆ 1997ರಲ್ಲಿ ಅನುಕೂಲಸ್ಥರ ಊರಾದ ಸಾಂಟಾ ಮೋನಿಕಾದ ಚಿಕಿತ್ಸಾ ಕೇಂದ್ರ ಸೇರಿದಾಗ ಅವರ ಕಣ್ಣು ತೆರೆಯಿತು: ಯಾವುದಕ್ಕೆ ತಮಗೆ ಸೆರೆಮನೆ ಸಿಕ್ಕಿತ್ತೋ ಅದಕ್ಕೇ ಅಲ್ಲಿನವರಿಗೆ ಆರೈಕೆ ಸಿಗುತ್ತಿತ್ತು. ಓದುವಾಗ ನನಗೆ ಮೈಯೆಲ್ಲ ಉರಿಯಿತು.

ಬಿಡುಗಡೆಯ ದಿನ ಹೇಗಿರುತ್ತಿತ್ತು ಗೊತ್ತೇ? ಕ್ಯಾಲಿಫೋರ್ನಿಯಾದಲ್ಲಿ ಕೈಗೆ 200 ಡಾಲರ್ ಕೊಡುತ್ತಿದ್ದರು. ಬಟ್ಟೆಗೆ, ಬಸ್ ಟಿಕೆಟ್‌ಗೆ ಅದರಲ್ಲೇ ಮುರಿದುಕೊಳ್ಳುವುದೂ ಇತ್ತು. ಬಸ್ಸು ತಂದು ಇಳಿಸುತ್ತಿದ್ದದ್ದು ಸೂರಿಲ್ಲದವರು ಬೀದಿಯಲ್ಲೇ ಮಲಗುವ ಸ್ಕಿಡ್ ರೋ ಹತ್ತಿರ. ತಲೆಹಿಡುಕರೂ ಮಾದಕವಸ್ತು ಮಾರುವವರೂ ಅಲ್ಲಿ ಕಾದಿರುತ್ತಿದ್ದರು. ಇಳಿದ ಹೆಂಗಸು ಎಲ್ಲಿಂದ ಬಂದವಳೆಂದು ಅವರಿಗೆ ನೋಡಿದೊಡನೆ ತಿಳಿಯುತ್ತಿತ್ತು. 1998ರಲ್ಲಿ ವಾಟ್ಸ್ ಪ್ರದೇಶದಲ್ಲೊಂದು ಸಣ್ಣ ಮನೆ ಮಾಡಿದ ಸೂಸನ್, ಅದೇ ನಿಲ್ದಾಣಕ್ಕೆ ತಾವೂ ಹೋಗಿ ನಿಲ್ಲತೊಡಗಿದರು. ಇಳಿದವರನ್ನು ಮನೆಗೆ ಕರೆತಂದರು. ‘ಎ ನ್ಯೂ ವೇ ಆಫ್ ಲೈಫ್’ ಸಂಸ್ಥೆ ಬೆಳೆದದ್ದು ಹಾಗೆ.

ಆದರೆ ಹಾಸಿಗೆ, ಊಟ ಕೊಟ್ಟ ಮಾತ್ರಕ್ಕೆ ಬದುಕು ನಿಲ್ಲುವುದಿಲ್ಲವಲ್ಲ. ಕೆಲಸದ ಅರ್ಜಿಯಲ್ಲಿ, ಹಿಂದೆ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆ, ಅದರ ಪಕ್ಕದಲ್ಲೊಂದು ಪುಟ್ಟ ಚೌಕ. ಅದರಲ್ಲಿ ಗುರುತು ಹಾಕಿದವಳ ಅರ್ಜಿಯನ್ನು ಮುಂದಕ್ಕೆ ಓದುವವರೇ ಕಡಿಮೆ. ಜೈಲಿನಿಂದ ಬಂದವರೇ ಕಟ್ಟಿಕೊಂಡ ‘ಆಲ್ ಆಫ್ ಅಸ್ ಆರ್ ನನ್’ ಸಂಘಟನೆಯೊಡನೆ ಸೇರಿ ಆ ಚೌಕವನ್ನೇ ತೆಗೆಸಲು ಸೂಸನ್ ಹೋರಾಡಿದರು. ಕ್ಯಾಲಿಫೋರ್ನಿಯಾದಲ್ಲಿ 2018ರ ಜನವರಿಯಿಂದ, ಐದಕ್ಕೆ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆಗಳು ಷರತ್ತಿನ ಮೇಲೆ ಕೆಲಸ ಕೊಡಲು ಒಪ್ಪುವ ಮೊದಲು ಆ ಪ್ರಶ್ನೆ ಕೇಳುವಂತಿಲ್ಲ. ಆಮೇಲೆ ನಿರಾಕರಿಸಬೇಕಾದರೂ ಆ ಅಪರಾಧಕ್ಕೂ ಈ ಕೆಲಸಕ್ಕೂ ಏನು ಸಂಬಂಧ, ಎಷ್ಟು ಕಾಲ ಕಳೆದಿದೆ ಎಂದು ತೂಗಿ ನೋಡಲೇಬೇಕು. ಆ ಕಾಯಿದೆಯನ್ನು ಹುಡುಕಿ ಓದು ಮಗಳೇ. ಅದು ಅನುಭವಿಸಿದವರ ಬಾಯಿಂದ ಹುಟ್ಟಿದ ಬೇಡಿಕೆ.

ಗೆದ್ದದ್ದೆಲ್ಲ ಉಳಿಯುತ್ತದೆಂದೂ ಅಲ್ಲ. ಸ್ವಂತ ಬಳಕೆಗೆ ಮಾದಕವಸ್ತು ಇಟ್ಟುಕೊಳ್ಳುವುದನ್ನು ಅಲ್ಲಿನ ಮತದಾರರು 2014ರಲ್ಲಿ ಸಣ್ಣ ಅಪರಾಧವಾಗಿಸಿದರು. ಪದೇ ಪದೇ ಸಿಕ್ಕಿಬೀಳುವವರ ಮೇಲೆ 2024ರಲ್ಲಿ ಮತ್ತೆ ಬಿಗಿ ಮಾಡಿದರು.

ಅಪರಾಧದಿಂದ ನೊಂದವರ ನೋವು ಸಣ್ಣದೆಂದು ನಾನು ಹೇಳುತ್ತಿಲ್ಲ. ಅವರಿಗೂ ಬೇಕಾದದ್ದು ಅಂಥದ್ದು ಇನ್ನೊಮ್ಮೆ ನಡೆಯದಿರುವುದೇ ಅಲ್ಲವೇ? ಮನೆ, ಕೆಲಸ ಎರಡೂ ಇಲ್ಲದವಳನ್ನು ಸ್ಕಿಡ್ ರೋದಲ್ಲಿ ಇಳಿಸಿದರೆ ಅದು ಹೇಗೆ ಸಾಧ್ಯ?

ರಜೆಗೆ ಬರುವಾಗ ನಿನ್ನ ವಾದವನ್ನೂ ಸಿದ್ಧಮಾಡಿಕೊಂಡು ಬಾ. ನನ್ನದು ಒಂದೇ ಪ್ರಶ್ನೆ: ಶಿಕ್ಷೆ ಎಷ್ಟು ವರ್ಷ ಎಂದು ನ್ಯಾಯಾಲಯ ಬರೆದುಕೊಟ್ಟ ಮೇಲೆ, ಅದನ್ನು ಜೀವನಪೂರ್ತಿ ಎಳೆಯುವ ಅಧಿಕಾರ ಒಂದು ಅರ್ಜಿ ನಮೂನೆಗೆ ಎಲ್ಲಿಂದ ಬಂತು?

ಪ್ರೀತಿಯಿಂದ,
ನಿನ್ನ ಅಮ್ಮ