ಪಡಿತರ ಸಿಗದಿದ್ದರೆ ಭತ್ಯೆ ಕೊಡಿ

ಮಾನ್ಯರೇ,

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಆಹಾರಧಾನ್ಯ ಪಡೆಯುವ ಹಕ್ಕನ್ನು ನೀಡಿದೆ. ಆದರೂ ದುಡಿದು ಬೆರಳ ಗೆರೆಗಳೇ ಸವೆದ ವೃದ್ಧರು, ಬೆರಳಚ್ಚು ತಾಳೆಯಾಗಲಿಲ್ಲವೆಂದೋ ಸರ್ವರ್ ಕೈಕೊಟ್ಟಿತೆಂದೋ ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಮರಳುವುದು ತಪ್ಪಿಲ್ಲ. ಹೀಗೆ ಧಾನ್ಯ ದೊರೆಯದವರಿಗೆ ರಾಜ್ಯ ಸರ್ಕಾರವು ಆಹಾರ ಭದ್ರತಾ ಭತ್ಯೆ ಪಾವತಿಸಬೇಕೆಂದು ಅದೇ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ ಎಂಬುದು, ಚೀಟಿದಾರರ ಮಾತಿರಲಿ, ಎಷ್ಟೋ ಅಂಗಡಿಯವರಿಗೂ ತಿಳಿದಂತಿಲ್ಲ. ದೂರು ಆಲಿಸಲು ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಯಿದ್ದಾರೆ, ಮೇಲ್ಮನವಿಗೆ ರಾಜ್ಯ ಆಹಾರ ಆಯೋಗವಿದೆ. ಇವರ ದೂರವಾಣಿ ಸಂಖ್ಯೆಗಳನ್ನು ಪ್ರತಿ ಅಂಗಡಿಯ ಮುಂದೆ ದೊಡ್ಡ ಅಕ್ಷರಗಳಲ್ಲಿ ಬರೆಸಲಿ. ಯಂತ್ರ ಒಪ್ಪದಿದ್ದಾಗ ವಹಿಯಲ್ಲಿ ಸಹಿ ಪಡೆದು ಅಂದೇ ಧಾನ್ಯ ವಿತರಿಸುವಂತೆ ಇಲಾಖೆ ಲಿಖಿತ ಆದೇಶ ಕೊಟ್ಟು, ಪಾಲಿಸದವರನ್ನು ಹೊಣೆಗಾರರನ್ನಾಗಿಸಲಿ.

– ಒಬ್ಬ ಓದುಗ, ರಾಯಚೂರು